ಮಡಿಲಿಗೆ ಹಾಕಿದ ಪುಸ್ತಕ

ತಂಗಿಯ ಸೆರಗಿಗೆ ಗಂಟು ಹಾಕುತ್ತಿದ್ದ ಚಿಕ್ಕಬೋರಮ್ಮ ಏನೋ ನೆನಪಾಗಿ ಕೈ ತಡೆದಳು. "ತಾಳ್ರಮ್ಮಿ" ಎಂದು ಎದ್ದು, ಮೂಲೆಯ ಕಬ್ಬಿಣದ ಪೆಟ್ಟಿಗೆಯ ಮೇಲಿಂದ ಒಂದು ಪುಸ್ತಕ ತಂದಳು. ರಟ್ಟಿನ ಹೊದಿಕೆ, ಗೋಣಿದಾರದ ಹೊಲಿಗೆ, ನಡುವೆ ದುಂಡನೆಯ ಒಂದು ತೂತು. ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಹಸಿರು ಬಳೆಗಳ ಜೊತೆಗೆ ಅದನ್ನೂ ಪಾರ್ವತಮ್ಮನ ಮಡಿಲಿಗೆ ಸೇರಿಸಿ ಗಂಟು ಬಿಗಿದಳು.

"ಇದೇ ಅಲ್ವಾ ಇವಳ ಜೀವ. ಕಣ್ ಕಳ್ಕಂಡು ಕುಯ್ಯೋಳು, ಅಂಟ್ಸೋಳು. ಇವಳ ಜೊತೇಲೇ ಓಗ್ಲಿ ಬುಡು."

ಯಾರೂ ಬೇಡ ಅನ್ನಲಿಲ್ಲ. ಚಿಕ್ಕಬೋರಮ್ಮ ಸತ್ತವಳ ಹಿರಿಯಕ್ಕ. ಮಾಕವಳ್ಳಿಯಿಂದ ಮೊದಲ ಬಸ್ಸಿಗೇ ಬಂದವಳು ಅಳುವುದನ್ನೂ ಕೆಲಸವನ್ನೂ ಒಟ್ಟಿಗೇ ಮಾಡುತ್ತಿದ್ದಳು. ಅವಳಿಗೆ ಓದಲು ಬಾರದು. ಪುಸ್ತಕದ ಮೇಲೆ ದಪ್ಪ ಅಕ್ಷರದಲ್ಲಿ 'ಮೋನಿಷಾ ಮನೆಗೆ ಬಂದಳು' ಎಂದು ಬರೆದಿತ್ತು. ಓದಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಹೆಣದ ಮುಖ ನೋಡುತ್ತಿದ್ದರು.

ಪಾರ್ವತಮ್ಮ ಏರಿಕೊಪ್ಪಲಿನ ಅಂಗನವಾಡಿ ಟೀಚರು. ಊರಿಗೆಲ್ಲ ಮಿಸ್ಸು. ನಿನ್ನೆ ಮಧ್ಯಾಹ್ನ ಮಕ್ಕಳನ್ನು ಅವರವರ ಮನೆಗೆ ಬಿಟ್ಟು, ಅಂಗನವಾಡಿಗೆ ಬೀಗ ಹಾಕಿ, ಮನೆಗೆ ಬಂದು ನೀರು ಕುಡಿದು ಕೂತವಳು ಕೂತಲ್ಲೇ ಹೋಗಿಬಿಟ್ಟಿದ್ದಳು. ಗಂಡ ತಿಮ್ಮರಾಜು ಹಸುವಿಗೆ ಹುಲ್ಲು ಹಾಕಿ ಒಳಗೆ ಬಂದಾಗ ಲೋಟ ಇನ್ನೂ ಅವಳ ಕೈಯಲ್ಲೇ ಇತ್ತು. ಈಗ ಅವನು ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದ. ಯಾರು ಬಂದು ಕೈ ಹಿಡಿದರೂ "ನೀರು ಕುಡುದ್ಲು ಕಣಪ್ಪ" ಎಂದಷ್ಟೇ ಹೇಳುತ್ತಿದ್ದ.

ಅವರಿಗೆ ಮಕ್ಕಳಾಗಿರಲಿಲ್ಲ. ಅದನ್ನು ಊರು ಅವಳ ಮುಂದೆ ಎಂದೂ ಆಡಿರಲಿಲ್ಲ. ಸತ್ತ ಮೇಲೆ ಒಂದು ದಿನವೂ ತಡೆಯಲಿಲ್ಲ. "ಮಕ್ಳಿಲ್ದೆ ಸತ್ತೋಳು. ಆಸೆ ಇಟ್ಕಂಡೇ ಓಗಿರ್ತಾಳೆ. ಚಿಕ್ ಮಕ್ಳ ಈಚೀಕೆ ಬುಡ್ಬ್ಯಾಡ್ರಿ" ಎಂದು ನಲ್ಲಿಯ ಹತ್ತಿರ ಮುದುಕಿಯೊಬ್ಬಳು ಅಂದದ್ದು ಬೆಳಗಾಗುವುದರೊಳಗೆ ಎಲ್ಲ ಮನೆಗೂ ಮುಟ್ಟಿತ್ತು. ಮೂವತ್ತು ವರ್ಷ ಆ ಮನೆಗಳ ಮಕ್ಕಳ ಸಿಂಬಳ ಒರೆಸಿದವಳಿಗೆ ಸಿಕ್ಕ ಮರ್ಯಾದೆ ಅದು.

ಆ ಮಾತು ಪ್ರಮೀಳಾಳ ಕಿವಿಗೂ ಬಿದ್ದಿತ್ತು.

*

ಪ್ರಮೀಳಾ ಬರುವ ಹೊತ್ತಿಗೆ ಚಟ್ಟ ಎತ್ತಿಯಾಗಿತ್ತು. ನಾಲ್ಕು ವರ್ಷದ ಮಗಳು ಮೋನಿಷಾಳಿಗೆ ನಿನ್ನೆ ಸಂಜೆಯಿಂದ ಜ್ವರ. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಬಾಗಿಲು ಹಾಕಿಕೊಳ್ಳಲು ಹೇಳಿ, ಹೆಂಗಸರ ಗುಂಪಿನ ಹಿಂದೆ ಬಂದು ಸೇರಿಕೊಂಡಳು. ಮುಂದೆ ತಮಟೆ, ಅದರ ಹಿಂದೆ ಚಟ್ಟ. ಹೆಗಲು ಕೊಟ್ಟವರಲ್ಲಿ ಅವಳ ಗಂಡ ದೇವರಾಜು ಒಬ್ಬ. ಅವನ ಎದುರು ಬದಿಗೆ ಡೈರಿಯಲ್ಲಿ ಹಾಲು ಅಳೆಯುವ ರವೀಂದ್ರ.

ಅಂಗನವಾಡಿಯಲ್ಲಿ ಅಡುಗೆ ಮಾಡುವ ಸಾಕಮ್ಮ ನಡಿಗೆ ನಿಧಾನ ಮಾಡಿ ಜೊತೆಯಾದಳು.

"ಮಗು ಎಂಗೈತಮ್ಮಿ?"

"ಮೈ ಸುಡ್ತಾ ಐತೆ ಅಕ್ಕ. ಮಿಸ್ಸು ಮಿಸ್ಸು ಅಂತ ಕನವರಿಸ್ತಾ ಅವ್ಳೆ. ಇಂಗಾಗೈತೆ ಅಂತ ಯೋಳಿಲ್ಲ."

"ಯೋಳ್ಬ್ಯಾಡ. ಪಾಪ, ಅವಳ ಪುಸ್ತಕ ಒಂದೇ ಅರ್ಧಕ್ಕೆ ನಿಂತಿದ್ದು. ಅದೂ ಮಿಸ್ ಜೊತೆಗೇ ಒಂಟೋಯ್ತು."

"ಎಲ್ಲೀಗೆ?"

"ಅವರಕ್ಕ ಮಡ್ಲಿಗೆ ಆಕುದ್ರಲ್ಲ."

ಪ್ರಮೀಳಾ ನಿಂತುಬಿಟ್ಟಳು. ಹಿಂದಿನಿಂದ ಬರುತ್ತಿದ್ದ ಹೆಂಗಸೊಬ್ಬಳು ಅವಳ ಬೆನ್ನಿಗೆ ಹಾಯ್ದು, ಗೊಣಗಿಕೊಂಡು ಮುಂದೆ ಹೋದಳು.

"ಯಾರ ಪುಸ್ತಕ ಅಂದೆ?"

"ನಿನ್ ಮಗಳ್ದು. ಮ್ಯಾಲೆ ಎಸ್ರು ಇತ್ತು. ಯಾಕಮ್ಮಿ ಅಂಗ್ ನೋಡೀಯೆ?"

"ಅದ್ರಾಗೆ ಅವಳ ಪಟ ಐತೆ ಸಾಕಮ್ಮಕ್ಕ. ಓದ್ ವಾರ ನಾನೇ ಕೈಯಾರೆ ಕೊಟ್ಟಿದ್ದು."

ಸಾಕಮ್ಮನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಗುಂಡಿಗೆ ತಮ್ಮ ನೆರಳು ಬೀಳದಂತೆ ಸರಿದು ನಿಲ್ಲುವ ಜನ ಅವರು. ಬದುಕಿರುವವರ ಒಂದು ಕೂದಲೆಳೆ ಹೆಣದ ಬಟ್ಟೆಗೆ ಅಂಟಿದ್ದರೆ ಹುಡುಕಿ ತೆಗೆಯುತ್ತಾರೆ. ಇಲ್ಲಿ ಹೆಸರೂ ಹೋಗುತ್ತಿತ್ತು, ಮುಖವೂ ಹೋಗುತ್ತಿತ್ತು.

ಮೋನಿಷಾಗಿಂತ ಮೊದಲು ಪ್ರಮೀಳಾಳಿಗೆ ಎರಡು ಬಸಿರು ನಿಂತಿರಲಿಲ್ಲ. ಇವಳು ಉಳಿದ ಮೇಲೂ ಮಲಗಿದ್ದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುವ ಚಾಳಿ ಅವಳಿಗೆ ಬಿಟ್ಟಿರಲಿಲ್ಲ.

*

ಅಂಗನವಾಡಿಯ ಒಂದೊಂದು ಮಗುವಿಗೂ ಪಾರ್ವತಮ್ಮ ಒಂದೊಂದು ಪುಸ್ತಕ ಮಾಡುತ್ತಿದ್ದಳು. ಶುರು ಮಾಡುವ ಮೊದಲು ಆ ಮಗುವಿನ ಮನೆಗೆ ಬರುತ್ತಿದ್ದಳು. ಕಾಫಿ ಕೊಟ್ಟರೆ ಕುಡಿಯುತ್ತಿದ್ದಳು, ಕಣ್ಣು ಮಾತ್ರ ಮನೆಯ ಮೇಲೆ. ಬಾಗಿಲ ಬಣ್ಣ ಯಾವುದು, ಜಗಲಿಯ ಮೇಲೆ ಏನಿದೆ, ಹಸುವಿನ ಕೊಂಬು ಹೇಗೆ ತಿರುಗಿದೆ, ಅಜ್ಜಿ ಯಾವ ಕಾಲು ಕುಂಟುತ್ತಾಳೆ, ಎಲ್ಲ ನೋಡಿಕೊಳ್ಳುತ್ತಿದ್ದಳು. ಪುಸ್ತಕದಲ್ಲಿ ಅದೇ ಬಾಗಿಲು, ಅದೇ ಹಸು, ಅದೇ ಅಜ್ಜಿ. ಒಂದು ಮಗುವಿನ ಪುಸ್ತಕ ಇನ್ನೊಂದಕ್ಕೆ ಆಗುತ್ತಿರಲಿಲ್ಲ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದಳು. ಮಗುವಿನ ಮುಖ ಬರಬೇಕಾದ ಕಡೆ ನೋವಿನ ಮುಲಾಮಿನ ಡಬ್ಬಿಯ ಮುಚ್ಚಳವಿಟ್ಟು ಗೆರೆ ಎಳೆದು, ಬ್ಲೇಡಿನಲ್ಲಿ ದುಂಡಗೆ ಕುಯ್ಯುತ್ತಿದ್ದಳು. ಹಾಳೆ ಹಾಳೆಗೂ ಅದೇ ಜಾಗದಲ್ಲಿ ತೂತು. ಪಟ ಅಂಟಿಸುತ್ತಿದ್ದುದು ಕೊನೆಯ ಹಾಳೆಗೆ ಮಾತ್ರ. ಕಬ್ಬಿನ ಗದ್ದೆಯ ಹಾಳೆ ತೆಗೆದರೂ, ಏರಿಯ ಹಾಳೆ ತೆಗೆದರೂ, ಕೆರೆಯ ಹಾಳೆ ತೆಗೆದರೂ ತೂತಿನೊಳಗಿಂದ ಮಗುವಿನ ಮುಖ ಕಾಣುತ್ತಿತ್ತು. ಪುಸ್ತಕವೆಲ್ಲ ಮುಲಾಮಿನ ವಾಸನೆ.

"ಕೆರೆ ಒಂದು ಬ್ಯಾಡ ಮಿಸ್" ಎಂದಿದ್ದಳು ಪ್ರಮೀಳಾ, ಪಟವನ್ನು ಕೈಯಲ್ಲೇ ಹಿಡಿದುಕೊಂಡು.

"ಊರ ಮುಂದೆ ಕೆರೆ ಇಟ್ಕಂಡು ಪುಸ್ತಕದಾಗೆ ಬ್ಯಾಡ ಅಂದ್ರೆ? ಮಗು ಒಂದಿನ ಓಗೋದೇ ಕೆರೆತಾವ. ಬಾಗ್ಲಾಕ್ಕಂಡು ಎಷ್ಟ್ ದಿನ ಕಾಯ್ತೀಯೆ?"

"ನಂಗೆ ಭಯ ಆಯ್ತದೆ."

"ನಂಗೂ ಆಯ್ತದೆ ಕಣಮ್ಮಿ. ಭಯ ಇಲ್ದಿದ್ರೆ ಇದ್ನೆಲ್ಲ ಯಾಕ್ ಮಾಡ್ತಿದ್ದೆ? ಪಟ ಕೊಡು."

ಮೋನಿಷಾ ಬಂದು ಪಾರ್ವತಮ್ಮನ ಮೊಣಕಾಲಿಗೆ ಆತುಕೊಂಡಿದ್ದಳು. "ಮಿಸ್, ನಮ್ ಕರಿಯ ಬತ್ತದಾ ಪುಸ್ತಕದಾಗೆ?"

"ನಾಯಿನಾ? ಬತ್ತದೆ. ಬಾಲ ಎಷ್ಟುದ್ದ ಬರೀಲಿ?"

ಮಗು ಎರಡೂ ಕೈ ಚಾಚಿ ತೋರಿಸಿತ್ತು, ಗೋಡೆಯಿಂದ ಗೋಡೆಗೆ.

*

ಊರಾಚೆಯ ಅರಳಿಮರದ ಹತ್ತಿರ ಚಟ್ಟ ಇಳಿಸಿ ದಿಕ್ಕು ತಿರುಗಿಸುವುದು ವಾಡಿಕೆ. ಅಲ್ಲಿಂದ ಹೆಂಗಸರು ವಾಪಸ್ಸು, ಗಂಡಸರು ಮಾತ್ರ ಹೊಲಕ್ಕೆ. ಚಟ್ಟ ಇಳಿದದ್ದೇ ಪ್ರಮೀಳಾ ಗಂಡನ ತೋಳು ಹಿಡಿದು ಮರದ ಮರೆಗೆ ಎಳೆದು ವಿಷಯ ಹೇಳಿದಳು. ದೇವರಾಜು ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಮುತ್ತೈದೆ ಮಡ್ಲು ಕಣೆ ಅದು. ಕೈ ಇಕ್ಕು ಅಂತೀಯಾ?"

"ನಿನ್ ಮಗಳ ಮಕ ಐತೆ ಅದ್ರಾಗೆ."

"ಜನ ಏನಂದಾರು? ಮಣ್ ಮಾಡಿ ಬತ್ತೀನಿ ಇರು, ಆಮ್ಯಾಕೆ..."

"ಮಣ್ ಮಾಡುದ್ಮ್ಯಾಲೆ ಆಮ್ಯಾಕೆ ಏನೈತೆ?"

ಅಷ್ಟರಲ್ಲಿ ಚಿಕ್ಕಬೋರಮ್ಮ ಬಂದು ನಿಂತಿದ್ದಳು. ಸಾಕಮ್ಮ ತಡೆಯಲಾರದೆ ಹೇಳಿಬಿಟ್ಟಿದ್ದಳು.

"ಏನಮ್ಮಿ ನಿಂದು? ನಮ್ ಪಾರ್ವತಿ ಏನ್ ದೆವ್ವನಾ, ನಿನ್ ಮಗಳ ಎತ್ಕಂಡೋಗಾಕೆ? ನಿನ್ ಮಗಳ ಉಚ್ಚೆ ಬಟ್ಟೆ ಒಗ್ದೋಳು ಕಣೆ ಅವ್ಳು."

"ಅಂಗಲ್ಲಜ್ಜಿ. ಗೊತ್ತಿಲ್ದೆ ಆಗೈತೆ. ಪಟ ಒಂದು..."

"ಮಡ್ಲಿಗೆ ಆಕುದ್ದ ತಗದ್ರೆ ನನ್ ತಂಗಿ ಬರಿ ಮಡ್ಲಾಗ್ ಓಯ್ತಾಳೆ. ಬದ್ಕಿದ್ದಾಗ್ಲೂ ಬರಿ ಮಡ್ಲೇ ಅಂದ್ರಿ. ಈಗ್ಲೂ ಅಂಗೇ ಕಳುಸ್ತೀರಾ? ನಾನಿರಾಗಂಟ ಆಗಾಕಿಲ್ಲ."

ತಮಟೆ ಮತ್ತೆ ಶುರುವಾಯಿತು. ದೇವರಾಜು ಹೆಂಡತಿಯ ಮುಖ ನೋಡದೆ ಹೋಗಿ ಹೆಗಲು ಕೊಟ್ಟ. ಹೆಂಗಸರು ಊರ ಕಡೆ ತಿರುಗಿದರು. ಊರ ಕಡೆ ಹೋದರೆ ಜ್ವರದ ಮಗು. ಕೆರೆಯ ಕಡೆ ಹೋದರೆ ಗುಂಡಿ. ಪ್ರಮೀಳಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡಸರ ಹಿಂದೆ ನಡೆದಳು. ನಾಲ್ಕು ಮಾರು ಹಿಂದೆಯೇ ಉಳಿದು ನಡೆದಳು.

*

ಈ ಪುಸ್ತಕಗಳು ಹುಟ್ಟಿದ್ದು ರವೀಂದ್ರನಿಂದ. ಇಪ್ಪತ್ತು ವರ್ಷದ ಕೆಳಗೆ, ಅಂಗನವಾಡಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ, ಸೂಜಿಗೆ ಹೆದರಿ ಅವನು ಹಿತ್ತಲ ಬಾಗಿಲಿಂದ ಹೊರಗೆ ಹೋಗಿದ್ದ. ಆಗಿನ್ನೂ ಮಾತು ತೊದಲುತ್ತಿದ್ದ ಮಗು. ಊರೆಲ್ಲ ಕೆರೆಗೆ ಇಳಿಯಿತು. ಪಾರ್ವತಮ್ಮ ಸೀರೆಯುಟ್ಟಂತೆಯೇ ಎದೆಮಟ್ಟ ನೀರಿಗೆ ಹೋಗಿ, ಕಾಲಲ್ಲಿ ಕೆಸರು ತಡವುತ್ತಾ ನಡೆದಳು. ಕಾಲಿಗೆ ಏನಾದರೂ ತಗುಲಿದಾಗಲೆಲ್ಲ ನಿಲ್ಲುತ್ತಿದ್ದಳು. ಬಗ್ಗಿ ನೋಡುವ ಧೈರ್ಯ ಇರಲಿಲ್ಲ.

ಹೊತ್ತು ಮುಳುಗುವಾಗ ತೊಣ್ಣೂರಿನ ಕಡೆಯ ಮೀನುಗಾರನೊಬ್ಬ ಮಗುವನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಬಂದ. ಕೋಡಿಯ ಹತ್ತಿರ ಸಿಕ್ಕಿತಂತೆ. "ನಿಮ್ಮನೆ ಎಲ್ಲಿ ಅಂದ್ರೆ ಅಮ್ಮನ ಮನೆ ಅಂತದೆ. ನಿಮ್ಮಪ್ಪ ಯಾರು ಅಂದ್ರೆ ಅಪ್ಪ ಅಂತದೆ. ಊರೂರು ಸುತ್ತಿ ಸಾಕಾಯ್ತು ಕಣ್ರಪ್ಪ" ಎಂದ.

ಮಗು ಸಿಕ್ಕಿತು ಎಂದು ಊರು ಮರೆಯಿತು. ಪಾರ್ವತಮ್ಮ ಮರೆಯಲಿಲ್ಲ. ಅಂದಿನಿಂದ ಊಟದ ನಡುವೆ ಎದ್ದು ಹೋಗಿ ಅಂಗನವಾಡಿಯ ಬೀಗ ಜಗ್ಗಿ ನೋಡುತ್ತಿದ್ದಳು. ನಿದ್ದೆಯಲ್ಲಿ ತಲೆ ಎಣಿಸುತ್ತಿದ್ದಳು. ಒಂದು ವಾರದ ಮೇಲೆ, ದಾರಿ ತಪ್ಪಿದರೂ ಮಗು ತನ್ನ ಮನೆಯ ಗುರುತು ಹೇಳುವಂತಾಗಲಿ ಎಂದು, ರವೀಂದ್ರನ ಅಪ್ಪನ ಹತ್ತಿರ ಒಂದು ಪಟ ಕೇಳಿ ತಂದಳು.

*

ತಿಮ್ಮರಾಜುವಿನ ಹೊಲ ಕೆರೆಯ ಅಂಚಿಗೇ ಇತ್ತು. ಒಂದು ಬದಿಗೆ ಕಟಾವಾಗದ ಕಬ್ಬು, ಇನ್ನೊಂದು ಬದಿಗೆ ನೀರು, ನಡುವೆ ಗುಂಡಿ. ರವೀಂದ್ರ ಗುಂಡಿಗಿಳಿದು ಹೆಣವನ್ನು ತೋಳಲ್ಲಿ ಇಸಿದುಕೊಂಡು, ತಲೆ ದಕ್ಷಿಣಕ್ಕೆ ಮಾಡಿ ಮಲಗಿಸಿದ. ಉಪ್ಪಿನ ಚೀಲದ ಬಾಯಿ ಕುಯ್ದರು. ತಿಮ್ಮರಾಜುವಿನ ಕೈಗೆ ಯಾರೋ ಒಂದು ಹಿಡಿ ಮಣ್ಣು ಕೊಟ್ಟರು.

"ತಿಮ್ಮಣ್ಣ, ಮಣ್ ಆಕ್ಬ್ಯಾಡಿ."

ಗಂಡಸರೆಲ್ಲ ತಿರುಗಿದರು. ಊರ ಯಜಮಾನ ಪುಟ್ಟಸ್ವಾಮಿಯ ಹುಬ್ಬು ಗಂಟಿಕ್ಕಿತು.

"ಎಂಗ್ಸು ಇಲ್ಲೀಗಂಟ ಬರದಾ? ದೇವ್ರಾಜ, ಕರ್ಕಂಡೋಗ್ಲಾ ನಿನ್ ಎಂಡ್ತಿಯ."

ದೇವರಾಜು ಕದಲಲಿಲ್ಲ. ನೆಲ ನೋಡುತ್ತಾ ನಿಂತಿದ್ದವನು ನೆಲ ನೋಡುತ್ತಲೇ ಬಾಯಿ ಬಿಟ್ಟ. "ನಮ್ ಮಗಳ ಪಟ ಮಡ್ಲಾಗೈತೆ ಕಣಣ್ಣ. ಮಿಸ್ ಮಾಡ್ತಿದ್ ಪುಸ್ತಕ. ಅವರಕ್ಕಂಗೆ ಗೊತ್ತಿಲ್ದೆ ಆಕವ್ರೆ. ಮಗೀಗೆ ಜ್ವರ."

ಗುಂಡಿಯ ಅಂಚಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ತಿಮ್ಮರಾಜುವಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಕೈಯಲ್ಲಿದ್ದ ಮಣ್ಣನ್ನೂ ಗುಂಡಿಯನ್ನೂ ಒಂದು ಸಲ ನೋಡಿದ.

"ತಗಿ ರವೀ" ಎಂದ. "ಅವ್ಳೇನೂ ಅನ್ಕಳಾಕಿಲ್ಲ."

ರವೀಂದ್ರ ಮಂಡಿಯೂರಿ ಗಂಟಿಗೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು. ಬಿಚ್ಚಿದಾಗ ಅಕ್ಕಿ ಸರಸರನೆ ಮಣ್ಣಿಗೆ ಸುರಿಯಿತು. ಪುಸ್ತಕವನ್ನು ಎರಡೂ ಕೈಯಲ್ಲಿ ಮೇಲೆತ್ತಿದ. ಇಸಿದುಕೊಳ್ಳಲು ಯಾರೂ ಕೈ ಚಾಚಲಿಲ್ಲ. ಪ್ರಮೀಳಾ ಗುಂಡಿಯ ಅಂಚಿಗೆ ಬಗ್ಗಿ ಇಸಿದುಕೊಂಡು ಅಲ್ಲೇ ತೆರೆದಳು.

ಕಬ್ಬಿನ ಗದ್ದೆ. ಏರಿ. ಕೆರೆ. ಕೆರೆಯ ನಂತರ ಹಾಳೆ ಇರಲಿಲ್ಲ. ಗೋಣಿದಾರ ಹೊಲಿಗೆ ಮುಗಿಯದೆ ಜೋತಾಡುತ್ತಿತ್ತು. ತೂತಿನ ಆಚೆ ಮಗಳ ಮುಖ ಇರಬೇಕಾಗಿತ್ತು. ಗುಂಡಿ ಇತ್ತು. ಗುಂಡಿಯೊಳಗೆ ಅರಿಶಿನ ಹಚ್ಚಿದ ಕೆನ್ನೆ ಇತ್ತು.

"ಪಟ ಇಲ್ಲ" ಎಂದಳು.

ರವೀಂದ್ರ ಮಡಿಲಲ್ಲಿ ತಡಕಿದ. ಕಾಯಿ, ಎಲೆ, ಬಳೆ. ಅಕ್ಕಿಯನ್ನು ಹಿಡಿ ಹಿಡಿಯಾಗಿ ಎತ್ತಿ ಬೆರಳ ಸಂದಿಯಿಂದ ಬಿಟ್ಟು ನೋಡಿದ. ತಲೆ ಅಲ್ಲಾಡಿಸಿದ.

"ಸೀರೆ ಒಳೀಕೆ ಎಲ್ಲೋ ಜಾರಿರ್ತದೆ" ಎಂದ ಪುಟ್ಟಸ್ವಾಮಿ. ಅವನ ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. "ಸೀರೆ ಬಿಚ್ಚಿ ನೋಡಾಕಾಯ್ತದಾ?"

ಕೆರೆಯ ಮೇಲಿಂದ ಬಂದ ಗಾಳಿಗೆ ಪುಸ್ತಕದ ಹಾಳೆಗಳು ತಾವಾಗೇ ಮಗುಚಿದವು.

"ಕೊನೇ ಆಳೆನ ಅವ್ಳು ಮೊದ್ಲು ಮಾಡೋಳು" ಎಂದ ತಿಮ್ಮರಾಜು.

ನಿನ್ನೆಯಿಂದ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಎಲ್ಲರೂ ಅವನ ಕಡೆ ನೋಡಿದರು.

"ಮನೆ ಬರ್ದು, ಬಾಗ್ಲು ಬರ್ದು, ಮಗೀನ ಅದ್ರಾಗೆ ನಿಲ್ಸಿಬುಡೋಳು. ಬಾಕಿದೆಲ್ಲ ಆಮೇಲೆ. ಇದೇನಮ್ಮಿ ಇಂಗೆ ತಿರ್ಗಾಮುರ್ಗಾ ಅಂದ್ರೆ, ಮೊದ್ಲು ಮನೆ ಸೇರ್ಕಳ್ಳಿ, ಆಮೇಲೆ ಕೆರೇಗೆ ಕಳುಸ್ತೀನಿ ಅನ್ನೋಳು." ಅವನು ಕೈಯ ಮಣ್ಣನ್ನು ಇನ್ನೊಂದು ಕೈಗೆ ಬದಲಾಯಿಸಿದ. "ಅಂಟು ಇಡೀಲಿ ಅಂತ ಬೀಸೋ ಕಲ್ ಕೆಳೀಕೆ ಇಕ್ಕೋಳು. ಇದ್ನೂ ಇಕ್ಕವ್ಳೋ ಇಲ್ವೋ ನಾ ಕಾಣೆ ಕಣವ್ವ. ಓಗ್ ನೋಡು. ಅಲ್ಲೀಗಂಟ ನಾನ್ ಮಣ್ ಆಕಾಕಿಲ್ಲ."

"ಒತ್ ಮೀರ್ತದೆ ತಿಮ್ಮರಾಜು" ಎಂದ ಪುಟ್ಟಸ್ವಾಮಿ.

"ಮೀರ್ಲಿ."

ರವೀಂದ್ರನನ್ನು ಮೇಲೆತ್ತಲು ದೇವರಾಜು ಕೈ ಚಾಚಿದ. ರವೀಂದ್ರ ಕೈ ಕೊಡಲಿಲ್ಲ. "ಅಲ್ಲೀಗಂಟ ಮಿಸ್ ಒಬ್ರೇ ಆಯ್ತಾರೆ" ಎಂದು ಗುಂಡಿಯೊಳಗೇ, ಹೆಣದ ಪಕ್ಕ, ಗೋಡೆಗೆ ಒರಗಿ ಕೂತ.

*

ಪ್ರಮೀಳಾ ಏರಿಯ ಮೇಲೆ ಓಡಿದಳು. ಒಂದು ಬದಿಗೆ ನೀರು ಉದ್ದಕ್ಕೂ ಅವಳ ಜೊತೆಗೇ ಬಂತು. ಊರೊಳಗೆ ಅವಳ ಮನೆಯ ಮುಂದೆಯೇ ಹಾಯಬೇಕಿತ್ತು. ನೀಲಿ ಬಾಗಿಲು ಮುಚ್ಚಿತ್ತು. ಒಳಗಿಂದ ಅಳು ಕೇಳಿಸಲಿಲ್ಲ. ಅಳು ಕೇಳಿಸದಿರುವುದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿಯಲಿಲ್ಲ. ನಿಂತರೆ ಕಾಲು ಮತ್ತೆ ಏಳುವುದಿಲ್ಲ ಎನ್ನಿಸಿ ನಿಲ್ಲಲಿಲ್ಲ.

ಚಿಕ್ಕಬೋರಮ್ಮ ಹೆಣ ಹೋದ ಮನೆ ತೊಳೆಯುತ್ತಿದ್ದಳು. ಬಿಂದಿಗೆ ಬಿಂದಿಗೆ ನೀರು ಸುರಿದು ಪೊರಕೆಯಲ್ಲಿ ಬಳಿಯುತ್ತಿದ್ದಳು. ಹೊಸಿಲ ಮೇಲೆ ನಿಂತವಳನ್ನು ನೋಡಿದಳು. ಅವಳ ಕೈಯಲ್ಲಿದ್ದ ಪುಸ್ತಕ ನೋಡಿದಳು.

"ಬಿಚ್ಬುಟ್ರಾ?"

"ತಿಮ್ಮಣ್ಣನೇ ತಗಿ ಅಂದ್ರು. ಇನ್ನೂ ಮಣ್ ಆಕಿಲ್ಲಜ್ಜಿ, ಕಾಯ್ತಾ ಅವ್ರೆ. ಬೀಸೋ ಕಲ್ ಎಲ್ಲೈತೆ?"

"ಮಣ್ ಆಕಿಲ್ವಾ? ಗುಂಡೀಲಿ ಮಲಗ್ಸಿ ಕಾಯಿಸ್ತಾ ಇದೀರಾ ನನ್ ತಂಗೀನ?" ಬಿಂದಿಗೆ ಹಿಡಿದ ಕೈ ಮೇಲೆದ್ದಿತು. ಪ್ರಮೀಳಾ ಹಿಂದೆ ಸರಿಯಲಿಲ್ಲ. ಪುಸ್ತಕ ತೆರೆದು ಹಿಡಿದಳು.

ಚಿಕ್ಕಬೋರಮ್ಮನಿಗೆ ಅಕ್ಷರ ಬಾರದಿದ್ದರೂ ಚಿತ್ರ ತಿಳಿಯುತ್ತಿತ್ತು. ಕೆರೆ, ಕೆರೆಯ ದಡದಲ್ಲಿ ಲಂಗ ತೊಟ್ಟ ಹುಡುಗಿ. ಹುಡುಗಿಗೆ ಕೈ ಇತ್ತು, ಕಾಲಿತ್ತು, ಜಡೆ ಇತ್ತು.

"ಮಕ ಎಲ್ಲೇ?"

"ಅದ್ನೇ ಉಡುಕ್ತಿರದು."

ಮುದುಕಿ ಬಿಂದಿಗೆ ಕೆಳಗಿಟ್ಟಳು. ಅವಳೇ ಸುರಿದ ನೀರು ನೆಲದ ಇಳಿಜಾರು ಹಿಡಿದು ಅಡುಗೆಮನೆಯ ಮೂಲೆಗೆ ಹರಿಯುತ್ತಿತ್ತು. ಬೀಸುವ ಕಲ್ಲು ಆ ಮೂಲೆಯಲ್ಲೇ ಇತ್ತು. ನೀರು ಆಗಲೇ ಕಲ್ಲಿನ ಸುತ್ತ ಆವರಿಸಿತ್ತು.

"ಬಾ. ಒಂದ್ ಕಡೆ ಇಡ್ಕ" ಎಂದಳು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟರು.

ಕೆಳಗೆ ಮಡಿಸಿದ ಹಳೆಯ ಪೇಪರು. ಪೇಪರಿನೊಳಗೆ ಹಾಳೆ. ಅಂಚು ಕೂಡ ನೆಂದಿರಲಿಲ್ಲ. ನೀಲಿ ಬಾಗಿಲು, ಜಗಲಿಯ ಮೇಲೆ ಎಡಗಾಲು ಚಾಚಿ ಕೂತ ಅಜ್ಜಿ, ಕರಿಯ ನಾಯಿ. ನಾಯಿಯ ಬಾಲ ಹಾಳೆಯ ಒಂದು ಅಂಚಿನಿಂದ ಹೊರಟು, ಮನೆಯನ್ನು ಸುತ್ತಿ, ಇನ್ನೊಂದು ಅಂಚಿನವರೆಗೆ ಹೋಗಿತ್ತು. ತೆರೆದ ಬಾಗಿಲಲ್ಲಿ ಮೋನಿಷಾಳ ಮುಖ ಅಂಟಿತ್ತು.

ಪ್ರಮೀಳಾಳ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ದೇವರಾಜು.

"ಸಿಕ್ತಾ?"

"ಊಂ."

"ಮಣ್ ಆಕ್ಬೋದಾ?"

ತನ್ನ ಒಂದು ಮಾತಿಗೆ ಅಲ್ಲಿ ಮಣ್ಣು ಬೀಳುತ್ತದೆ ಎನ್ನುವುದು ಅವಳಿಗೆ ಈಗ ತಿಳಿಯಿತು. ಫೋನನ್ನು ಕಿವಿಯಿಂದ ತೆಗೆದು ಮುದುಕಿಯ ಕಡೆ ಚಾಚಿದಳು. ಚಿಕ್ಕಬೋರಮ್ಮ ಅದನ್ನು ಬಾಯಿಯ ಮುಂದೆ ಹಿಡಿದು "ಆಕ್ರಪ್ಪ" ಎಂದಳು. ಆಮೇಲೆ ಒದ್ದೆ ನೆಲದ ಮೇಲೆ ಹಾಗೇ ಕೂತಳು. ಬೆಳಗಿನಿಂದ ಕೆಲಸ ಮಾಡುತ್ತಾ ಅಳುತ್ತಿದ್ದವಳು ಈಗ ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಅತ್ತಳು.

ಪ್ರಮೀಳಾ ಹಾಳೆಯನ್ನು ಪುಸ್ತಕದ ಹಿಂದಕ್ಕೆ ಹೊಂದಿಸಿ ಬೆರಳಲ್ಲಿ ಒತ್ತಿ ಹಿಡಿದು, ಕೆರೆಯ ಪುಟ ತೆರೆದಳು. ದಡದಲ್ಲಿದ್ದ ಹುಡುಗಿಗೆ ಮುಖ ಬಂದಿತ್ತು.

ಮನೆಯ ನೆಲವೆಲ್ಲ ನೀರಾಗಿತ್ತು. ಕಲ್ಲು ಇದ್ದ ಕಡೆ ಮಾತ್ರ ದುಂಡಗೆ ಒಣಗಿತ್ತು. ನೀರು ಅದರ ಸುತ್ತ ಬಂದು ನಿಂತಿತ್ತು.